ಹೈಬ್ರಿಡ್ ಕಾರಿನ ಬ್ರೇಕ್ ಕ್ಯಾಲಿಪರ್ ಬದಲಿಸುವುದು, ಗಾಳಿ ತೆಗೆಯುವುದು: ಮೊದಲ ಬೋಲ್ಟ್ ಬಿಚ್ಚುವ ಮುನ್ನ ಓದಿ

"ಹೈಬ್ರಿಡ್ ಕಾರಿನ ಕ್ಯಾಲಿಪರ್ ಜಾಮ್ ಆಗಿದೆ, ನಾನೇ ಬದಲಿಸಬಹುದೇ?" ಎಂಬ ಪ್ರಶ್ನೆ (ಕ್ಯಾಲಿಪರ್ ಎಂದರೆ ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಬ್ರೇಕ್ ಪ್ಯಾಡುಗಳನ್ನು ಒತ್ತುವ ಭಾಗ) ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಬದಲಿಸಿದ್ದಾಯಿತು, ಆದರೆ ಎಷ್ಟು ಸಲ ಗಾಳಿ ತೆಗೆದರೂ ಪೆಡಲ್ ಮೆತ್ತಗೇ ಇದೆ, ಮೀಟರಿನಲ್ಲಿ ಎಚ್ಚರಿಕೆ ದೀಪ ಆರುತ್ತಿಲ್ಲ, ಈಗೇನು ಮಾಡಲಿ?" ಗಾಳಿ ತೆಗೆಯುವುದು ಎಂದರೆ, ಕ್ಯಾಲಿಪರಿಗೆ ಬ್ರೇಕ್ ಆಯಿಲ್ ತರುವ ಹೋಸ್ ಬಿಚ್ಚಿದಾಗ ಒಳಸೇರುವ ಗುಳ್ಳೆಗಳನ್ನು ಹೊರಹಾಕುವುದು; ಅವು ಉಳಿದರೆ ಪೆಡಲ್ ಮೆತ್ತಗಾಗುತ್ತದೆ. ಈ ಎರಡನೇ ಪ್ರಶ್ನೆ ಕೇಳುವ ಸ್ಥಿತಿ ನಿಮಗೆ ಬಾರದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ: ಸಾಮಾನ್ಯ ಕಾರಿನ ಡಿಸ್ಕ್ ಬ್ರೇಕ್ ಕೆಲಸ ಮಾಡಿ ಅಭ್ಯಾಸವಿದ್ದರೆ, ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಕೈಯಲ್ಲಿದ್ದರೆ, ಬ್ರೇಕ್ ವ್ಯವಸ್ಥೆಯ ಜೊತೆ ಮಾತಾಡಬಲ್ಲ ಸ್ಕ್ಯಾನರ್ ಇದ್ದರೆ ಮಾಡಬಹುದು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಹೋಸ್ ಬಿಚ್ಚಬೇಡಿ. ಪಾನಾ ಹಿಡಿದು ಮಾಡುವ ಕೆಲಸದಲ್ಲಿ ಹೈಬ್ರಿಡ್ ಕಾರಿಗೂ ಬೇರೆ ಕಾರಿಗೂ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಇರುವುದು ಎರಡು ಕಡೆ: ಕೆಲಸ ಶುರುವಾಗುವ ಮೊದಲು ಬ್ರೇಕ್ ಕಂಪ್ಯೂಟರನ್ನು ಮಲಗಿಸುವುದರಲ್ಲಿ, ಕೆಲಸ ಮುಗಿದ ಮೇಲೆ ಗಾಳಿ ತೆಗೆಯುವುದರಲ್ಲಿ. ಎಡವಟ್ಟುಗಳೆಲ್ಲ ಆಗುವುದೂ ಅಲ್ಲಿಯೇ.

ಪೆಡಲ್ ಮತ್ತು ಚಕ್ರದ ನಡುವೆ ಯಾರಿದ್ದಾರೆ?

ಸಾಮಾನ್ಯ ಕಾರಿನಲ್ಲಿ ನೀವು ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ನೇರವಾಗಿ ಪೈಪಿಗೆ ತಳ್ಳುತ್ತದೆ, ಕ್ಯಾಲಿಪರಿನ ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಕಾಲಿಗೂ ಚಕ್ರಕ್ಕೂ ನೇರ ನಂಟು.

ಪೂರ್ಣ ಹೈಬ್ರಿಡ್ ಕಾರುಗಳಲ್ಲಿ ಈ ನಂಟಿನ ಮಧ್ಯೆ ಕಂಪ್ಯೂಟರ್ ಕೂತಿರುತ್ತದೆ. ನೀವು ಪೆಡಲ್ ಒತ್ತಿದಾಗ ಅದು ನಿಮಗೆ ಎಷ್ಟು ಬ್ರೇಕ್ ಬೇಕು ಎಂದು ಲೆಕ್ಕ ಹಾಕುತ್ತದೆ. ಅದರಲ್ಲಿ ಸಾಧ್ಯವಾದಷ್ಟನ್ನು ಎಲೆಕ್ಟ್ರಿಕ್ ಮೋಟರಿನಿಂದಲೇ ಮಾಡಿಸುತ್ತದೆ. ಮೋಟರ್ ಆಗ ಜನರೇಟರಿನಂತೆ ತಿರುಗಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಇದನ್ನೇ ರೀಜನರೇಟಿವ್ ಬ್ರೇಕಿಂಗ್ ಅಥವಾ ಚುಟುಕಾಗಿ ರೀಜೆನ್ ಎನ್ನುತ್ತಾರೆ. ಉಳಿದಷ್ಟನ್ನು ಮಾತ್ರ ಪ್ಯಾಡ್ ಮತ್ತು ಡಿಸ್ಕ್ ಮಾಡುತ್ತವೆ. 2003ರಲ್ಲಿ ಬಂದ ಟೊಯೋಟಾ ಪ್ರಿಯಸ್‌ನ ಎರಡನೇ ತಲೆಮಾರನ್ನೇ ನೋಡಿ. ಅದರ ಬ್ರೇಕಿನ ಹೆಸರು ಇಸಿಬಿ, ಅಂದರೆ ಎಲೆಕ್ಟ್ರಾನಿಕ್ ನಿಯಂತ್ರಣದ ಬ್ರೇಕ್. ಒಂದು ಪಂಪು ಬ್ರೇಕ್ ಆಯಿಲನ್ನು ಒತ್ತಿ ಅಕ್ಯುಮುಲೇಟರ್ ಎಂಬ ಪುಟ್ಟ ಉಕ್ಕಿನ ಕೋಶದಲ್ಲಿ ಕೂಡಿಡುತ್ತದೆ. ಅಲ್ಲಿರುವ ಒತ್ತಡ ನೂರು ಬಾರ್‌ಗೂ ಮೀರಿದ್ದು. ಟೈರಿನಲ್ಲಿ ನಾವು ತುಂಬಿಸುವ ಗಾಳಿ ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಬ್ರೇಕ್ ಬೇಕಾದಾಗ ಕಂಪ್ಯೂಟರ್ ವಾಲ್ವ್ ತೆರೆದು ಈ ಒತ್ತಡವನ್ನು ಚಕ್ರಗಳಿಗೆ ಹಂಚುತ್ತದೆ. ನಿಮ್ಮ ಕಾಲಿಗೆ ತಟ್ಟುವ ಗಟ್ಟಿತನವನ್ನು ಸ್ಟ್ರೋಕ್ ಸಿಮ್ಯುಲೇಟರ್ ಎಂಬ ಬೇರೆಯದೇ ಭಾಗ ಕೊಡುತ್ತದೆ. ಕಂಪ್ಯೂಟರ್ ಕೈಕೊಟ್ಟರೆ ಮಾತ್ರ ಮಾಸ್ಟರ್ ಸಿಲಿಂಡರ್ ಮುಂದಿನ ಚಕ್ರಗಳಿಗೆ ನೇರವಾಗಿ ಕೂಡಿಕೊಳ್ಳುತ್ತದೆ.

ಇದರಿಂದ ನಿಮ್ಮ ಕೆಲಸಕ್ಕೆ ಸಂಬಂಧಪಟ್ಟ ಸಂಗತಿ ಇಷ್ಟು: ನೀವು ಪೆಡಲ್ ಮುಟ್ಟದಿದ್ದರೂ ಈ ವ್ಯವಸ್ಥೆ ತಾನಾಗಿ ಎಚ್ಚರಗೊಳ್ಳಬಲ್ಲದು. ಡ್ರೈವರ್ ಬಾಗಿಲು ತೆರೆದರೆ ಸಾಕು, ಬಾನೆಟ್ ಕೆಳಗೆ ಪಂಪು ಸದ್ದು ಮಾಡುವುದನ್ನು ನೀವೂ ಕೇಳಿರುತ್ತೀರಿ. ಕಳಚಿ ಇಟ್ಟ ಕ್ಯಾಲಿಪರಿನ ಬಾಯಲ್ಲಿ ಬೆರಳಿಟ್ಟಿರುವಾಗ ಹೀಗಾದರೆ ಪಿಸ್ಟನ್ ಹೊರಗೆ ನುಗ್ಗುತ್ತದೆ. ಆ ಬೆರಳು ಉಳಿಯುತ್ತದೆ ಎಂಬ ಖಾತರಿ ಇಲ್ಲ.

ಎಲ್ಲ ಹೈಬ್ರಿಡ್‌ಗಳೂ ಹೀಗಿರುವುದಿಲ್ಲ. ಮೈಲ್ಡ್ ಹೈಬ್ರಿಡ್ ಎನ್ನುವ ಸಣ್ಣ ಮೋಟರಿನ ಕಾರುಗಳಲ್ಲಿ ಬಹುಪಾಲು ಮಾಮೂಲಿ ಬೂಸ್ಟರ್ ಬ್ರೇಕೇ, ಅಂದರೆ ಕಾಲಿನ ಬಲವನ್ನು ಹೆಚ್ಚಿಸಿ ಮಾಸ್ಟರ್ ಸಿಲಿಂಡರಿಗೆ ಕೊಡುವ ಬ್ರೇಕೇ ಇರುತ್ತದೆ. ಕೆಲವು ಕಂಪನಿಗಳು ಅಕ್ಯುಮುಲೇಟರ್ ಬದಲು ಮೋಟರಿನಿಂದ ನಡೆಯುವ ಸಿಲಿಂಡರ್ ಬಳಸುತ್ತವೆ. ನಿಮ್ಮದು ಯಾವುದು ಎಂಬುದನ್ನು ಸರ್ವಿಸ್ ಮ್ಯಾನ್ಯುಯಲ್ ಹೇಳುತ್ತದೆ, ಅಂದಾಜು ಮಾಡಬೇಡಿ.

ತಪ್ಪು ನಿಜಕ್ಕೂ ಕ್ಯಾಲಿಪರಿನದೇ?

ಹೊಸ ಕ್ಯಾಲಿಪರಿಗೆ ದುಡ್ಡು ಹಾಕುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಿ. ಹೈಬ್ರಿಡ್ ಕಾರುಗಳಲ್ಲಿ ರೀಜೆನ್ ಹೆಚ್ಚಿನ ಕೆಲಸ ಮಾಡುವುದರಿಂದ ಪ್ಯಾಡುಗಳು ಸವೆಯದೆ ವರ್ಷಗಟ್ಟಲೆ ಬಾಳುತ್ತವೆ. ಅದೇ ಕಾರಣಕ್ಕೆ ಕ್ಯಾಲಿಪರ್ ಸರಿಯಾಗಿ ಅಲುಗಾಡುವುದೇ ಇಲ್ಲ, ಯಾರೂ ಬಿಚ್ಚಿ ನೋಡುವುದೂ ಇಲ್ಲ. ಸ್ಲೈಡ್ ಪಿನ್ನುಗಳು, ಅಂದರೆ ಕ್ಯಾಲಿಪರ್ ಹಿಂದೆ ಮುಂದೆ ಜಾರಲು ಇರುವ ಎರಡು ನುಣುಪಾದ ಕಂಬಿಗಳು, ಗ್ರೀಸ್ ಒಣಗಿ ಹಿಡಿದುಕೊಳ್ಳುತ್ತವೆ. ಪ್ಯಾಡಿನ ಕಿವಿಗಳು ಬ್ರ್ಯಾಕೆಟ್ಟಿನ, ಅಂದರೆ ಕ್ಯಾಲಿಪರ್ ಮತ್ತು ಪ್ಯಾಡುಗಳನ್ನು ಹಿಡಿದಿಡುವ ಚೌಕಟ್ಟಿನ, ತುಕ್ಕಿನಲ್ಲಿ ಸಿಕ್ಕಿಕೊಳ್ಳುತ್ತವೆ. ಇಂಥ ಎಷ್ಟೋ "ಜಾಮ್ ಆದ ಕ್ಯಾಲಿಪರ್"ಗಳಿಗೆ ಬೇಕಾದದ್ದು ಶುಚಿ ಮಾಡುವುದು ಮತ್ತು ಹೊಸ ಗ್ರೀಸ್ ಮಾತ್ರ. ಆ ಕೆಲಸಕ್ಕೆ ಹೋಸ್ ಬಿಚ್ಚಬೇಕಾಗಿಲ್ಲ, ಗಾಳಿ ತೆಗೆಯುವ ತಲೆನೋವೂ ಇಲ್ಲ.

ಲಕ್ಷಣಗಳು ಹೀಗಿರುತ್ತವೆ: ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಹಳ ಬಿಸಿ, ಸುಟ್ಟ ವಾಸನೆ, ಮೈಲೇಜ್ ಇಳಿಕೆ, ಒಂದೇ ಚಕ್ರದಲ್ಲಿ ಒಳಗಿನ ಪ್ಯಾಡ್ ಸವೆದು ಹೊರಗಿನದು ಹೊಸದರಂತಿರುವುದು. ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆಯುವುದು ಹೈಬ್ರಿಡ್‌ಗಳಲ್ಲಿ ತಡವಾಗಿ ಗೊತ್ತಾಗುತ್ತದೆ, ಏಕೆಂದರೆ ಮೆಲ್ಲಗೆ ಒತ್ತಿದಾಗ ಪ್ಯಾಡುಗಳು ಕೆಲಸವನ್ನೇ ಮಾಡುತ್ತಿರುವುದಿಲ್ಲ.

ಚಕ್ರ ಎತ್ತಿ, ಕೆಳಗೆ 2 ಮತ್ತು 3ನೇ ಹಂತದಲ್ಲಿ ಹೇಳಿರುವಂತೆ ಸುರಕ್ಷಿತ ಮಾಡಿಕೊಂಡು, ಪರೀಕ್ಷಿಸಿ. ಚಕ್ರ ಕೈಯಿಂದ ತಿರುಗುತ್ತಿಲ್ಲವೇ? ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್, ಅಂದರೆ ಗಾಳಿ ಬಿಡಲು ಇರುವ ಪುಟ್ಟ ಟೊಳ್ಳು ಸ್ಕ್ರೂವನ್ನು, ಪೈಪ್ ಸಿಕ್ಕಿಸಿ ಕ್ಷಣಕಾಲ ಸಡಿಲಿಸಿ ಮತ್ತೆ ಮುಚ್ಚಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಮೇಲೆಲ್ಲೋ ಸಿಕ್ಕಿಕೊಂಡಿತ್ತು ಎಂದರ್ಥ: ಒಳಗೆ ಊದಿಕೊಂಡು ಮುಚ್ಚಿಹೋದ ರಬ್ಬರ್ ಹೋಸ್ ಇರಬಹುದು ಅಥವಾ ಇನ್ನೂ ಮೇಲಿನ ದೋಷವಿರಬಹುದು. ಕ್ಯಾಲಿಪರ್ ಬದಲಿಸಿದರೆ ಅದು ವಾಸಿಯಾಗುವುದಿಲ್ಲ. ಚಕ್ರ ಆಗಲೂ ಬಿಗಿಯಾಗಿಯೇ ಇದ್ದರೆ ತೊಂದರೆ ಪಿಸ್ಟನ್, ಪಿನ್ ಅಥವಾ ಪ್ಯಾಡುಗಳದು. ಪಿನ್ನುಗಳು ಸರಾಗವಾಗಿ ಜಾರುತ್ತಿದ್ದೂ ಪಿಸ್ಟನ್ ಹಿಂದಕ್ಕೆ ಹೋಗದಿದ್ದರೆ, ಪಿಸ್ಟನ್ನಿನ ರಬ್ಬರ್ ಬೂಟು ಹರಿದಿದ್ದರೆ ಅಥವಾ ಆಯಿಲ್ ಒಸರುತ್ತಿದ್ದರೆ ಕ್ಯಾಲಿಪರ್ ಬದಲಿಸಲೇಬೇಕು.

ಬೇಕಾಗುವ ಸಾಮಾನು

ಹೊಸ ಕ್ಯಾಲಿಪರ್ ಮತ್ತು ಬ್ಯಾಂಜೋ ಬೋಲ್ಟಿಗೆ ಎರಡು ಹೊಸ ವಾಷರ್. ಬ್ಯಾಂಜೋ ಬೋಲ್ಟ್ ಎಂದರೆ ಹೋಸನ್ನು ಕ್ಯಾಲಿಪರಿಗೆ ಕೂಡಿಸುವ, ನಡುವೆ ತೂತಿರುವ ಬೋಲ್ಟ್. ಅದರ ವಾಷರುಗಳು ಒಂದು ಸಲ ಒತ್ತಿ ಚಪ್ಪಟೆಯಾದರೆ ಮುಗಿಯಿತು, ಮರುಬಳಕೆ ಬೇಡ. ಹೊಸ ಡಬ್ಬಿಯ ಬ್ರೇಕ್ ಆಯಿಲ್, ಬ್ರೇಕ್ ಕ್ಲೀನರ್, ತಂತಿ ಬ್ರಶ್, ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಜಾತಿಯ ಬ್ರೇಕ್ ಗ್ರೀಸ್, ಟಾರ್ಕ್ ರೆಂಚ್ (ಬೋಲ್ಟನ್ನು ಹೇಳಿದಷ್ಟೇ ಬಿಗಿಗೆ ಬಿಗಿಯುವ ಪಾನಾ), ಜಾಕ್, ಗಟ್ಟಿಯಾದ ಸ್ಟ್ಯಾಂಡುಗಳು, ಚಕ್ರಕ್ಕೆ ಅಡ್ಡ ಇಡುವ ಕಟ್ಟೆ, ಪಾರದರ್ಶಕ ಪೈಪು, ಬಾಟಲಿ, ಹೋಸಿನ ಬಾಯಿ ಮುಚ್ಚಲು ಕ್ಯಾಪ್, ಕೈಗವಸು, ಕನ್ನಡಕ, ಒಂದು ಬಕೆಟ್ ನೀರು. ಇವುಗಳ ಜೊತೆಗೆ 12 ವೋಲ್ಟ್ ಬ್ಯಾಟರಿಗೆ ಆಸರೆ ಕೊಡುವ ಚಾರ್ಜರ್, ಮತ್ತೆ ಸ್ಕ್ಯಾನರ್.

ಸ್ಕ್ಯಾನರ್ ಬಗ್ಗೆ ಒತ್ತಿ ಹೇಳಬೇಕು. ದೋಷದ ಕೋಡ್ ಓದಿ ಅಳಿಸುವ ಅಗ್ಗದ ಸಾಧನ ಇಲ್ಲಿ ಸಾಲದು. ನಿಮ್ಮ ಮಾದರಿಯ ಬ್ರೇಕ್ ಘಟಕಕ್ಕೆ "ಏರ್ ಬ್ಲೀಡಿಂಗ್", ಅಂದರೆ ಗಾಳಿ ತೆಗೆಯುವ ಕಾರ್ಯವನ್ನು ಆಜ್ಞಾಪಿಸಬಲ್ಲ ಸಾಧನವೇ ಬೇಕು. ಟೊಯೋಟಾಗೆ ಕಂಪನಿಯ ಟೆಕ್‌ಸ್ಟ್ರೀಮ್ ತಂತ್ರಾಂಶದಲ್ಲಿ ಇದು ಇದೆ. ಬೇರೆ ಕಂಪನಿಗಳಿಗೂ ಅವುಗಳದೇ ಆದದ್ದಿದೆ, ಒಳ್ಳೆಯ ವೃತ್ತಿಪರ ಸ್ಕ್ಯಾನರುಗಳಲ್ಲೂ ಸಿಗುತ್ತದೆ. ಕಾರಿಗೆ ಸಿಕ್ಕಿಸಿ ಆ ಮೆನು ತೆರೆಯುತ್ತದೆಯೇ ಎಂದು ಕೆಲಸಕ್ಕೆ ಮುನ್ನವೇ ನೋಡಿಕೊಳ್ಳಿ. ಚಕ್ರ ಬಿಚ್ಚಿ, ಹೋಸ್ ತೆಗೆದು, ಆಮೇಲೆ ಸ್ಕ್ಯಾನರಿನಲ್ಲಿ ಆ ಆಯ್ಕೆಯೇ ಇಲ್ಲ ಎಂದು ಗೊತ್ತಾದರೆ ಕಾರನ್ನು ಹೇರಿಕೊಂಡೇ ಗ್ಯಾರೇಜಿಗೆ ಒಯ್ಯಬೇಕಾಗುತ್ತದೆ.

ಬ್ರೇಕ್ ಆಯಿಲ್ ಯಾವುದು ಎಂಬುದು ಆಯಿಲ್ ತುಂಬುವ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಜಾತಿಯವು. ಡಾಟ್ 5 ಮಾತ್ರ ಸಿಲಿಕೋನಿನದು, ಹೆಸರು 5.1ಕ್ಕೆ ಹತ್ತಿರವಿದೆ ಎಂದು ಮೋಸಹೋಗಬೇಡಿ, ಅದನ್ನು ಈ ಕಾರುಗಳಿಗೆ ಹಾಕುವಂತಿಲ್ಲ. ಗ್ಲೈಕಾಲ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕಾದರೆ, ತೇವ ಹೀರಿದ ಮೇಲೆ ಈ ಕನಿಷ್ಠ ಮಿತಿ 140ಕ್ಕೆ ಇಳಿಯುತ್ತದೆ. ಹಾಗಾಗಿ ಕಪಾಟಿನಲ್ಲಿ ಅರ್ಧ ಉಳಿದಿರುವ ಹಳೆಯ ಬಾಟಲಿ ಇದಕ್ಕೆ ಬೇಡ.

ಹಂತ 1: ಹೊಸ ಕ್ಯಾಲಿಪರನ್ನು ಹಳೆಯದರ ಪಕ್ಕ ಹಿಡಿದು ನೋಡಿ

ಎಡ, ಬಲ ಅದಲುಬದಲಾದರೂ ಕ್ಯಾಲಿಪರ್ ಕೂತುಬಿಡುತ್ತದೆ, ಅದೇ ಅಪಾಯ. ಗುರುತು ಸುಲಭ: ಕೂರಿಸಿದಾಗ ಬ್ಲೀಡರ್ ನಿಪ್ಪಲ್ ಮೇಲ್ತುದಿಯಲ್ಲಿರಬೇಕು. ಗಾಳಿ ಮೇಲಕ್ಕೇ ಏರುತ್ತದೆ. ನಿಪ್ಪಲ್ ಕೆಳಗಿದ್ದರೆ ಲೀಟರುಗಟ್ಟಲೆ ಆಯಿಲ್ ಹರಿಸಿದರೂ ಮೇಲಿನ ಗುಳ್ಳೆ ಅಲ್ಲೇ ಇರುತ್ತದೆ. "ಎಷ್ಟು ತೆಗೆದರೂ ಪೆಡಲ್ ಮೆತ್ತಗೇ" ಎಂದು ಬರೆಯುವವರಿಗೆ ನಾನು ಮೊದಲು ಕೇಳುವುದು ಇದನ್ನೇ.

ಕೆಟ್ಟಿರುವ ಒಂದನ್ನೇ ಬದಲಿಸಿದರೆ ತಪ್ಪಿಲ್ಲ, ಆದರೆ ಅದೇ ಆಕ್ಸಲಿನ ಇನ್ನೊಂದು ಬದಿಯನ್ನೂ ಬಿಚ್ಚಿ ಪಿನ್ ಮತ್ತು ಬೂಟು ನೋಡಿ. ಪ್ಯಾಡುಗಳನ್ನಂತೂ ಎರಡೂ ಬದಿಗೆ ಒಟ್ಟಿಗೇ ಬದಲಿಸಬೇಕು.

ಹಂತ 2: ಬ್ರೇಕ್ ಕಂಪ್ಯೂಟರನ್ನು ಮಲಗಿಸಿ

ಇಡೀ ಕೆಲಸದಲ್ಲಿ ಯಾವ ಕಾರಣಕ್ಕೂ ಅವಸರ ಮಾಡಬಾರದ ಹಂತ ಇದು.

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಪಾರ್ಕಿಗೆ ಹಾಕಿ, ಚಕ್ರಗಳಿಗೆ ಕಟ್ಟೆ ಕೊಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿಕೊಳ್ಳಿ. ನಿಮ್ಮ ಕಾರಿನ 12 ವೋಲ್ಟ್ ಬ್ಯಾಟರಿ ಎಲ್ಲಿದೆ ಎಂದು ನೋಡಿ. ಅನೇಕ ಹೈಬ್ರಿಡ್‌ಗಳಲ್ಲಿ ಅದು ಡಿಕ್ಕಿಯಲ್ಲಿರುತ್ತದೆ. ಡಿಕ್ಕಿಯ ಬೀಗ ವಿದ್ಯುತ್ತಿನಿಂದ ತೆರೆಯುವಂಥದ್ದಾದರೆ ಮೊದಲೇ ತೆರೆದಿಡಿ, ಕೆಲಸ ಮುಗಿಯುವವರೆಗೂ ಮುಚ್ಚಬೇಡಿ. ಬ್ಯಾಟರಿ ಕಳಚಿ ಡಿಕ್ಕಿ ಮುಚ್ಚಿದರೆ ಬ್ಯಾಟರಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಹಿಂದಿನ ಚಕ್ರದ ಕೆಲಸವಾದರೆ ಹಂತ 3ರಲ್ಲಿ ಪಾರ್ಕಿಂಗ್ ಬ್ರೇಕ್ ಬಗ್ಗೆ ಹೇಳಿರುವುದನ್ನು ಮೊದಲು ಮಾಡಿಕೊಳ್ಳಿ. ಈಗ ಪವರ್ ಆಫ್ ಮಾಡಿ, ಇಳಿದು, ಬಾಗಿಲುಗಳನ್ನೆಲ್ಲ ಮುಚ್ಚಿ. ಸ್ಮಾರ್ಟ್ ಕೀಯನ್ನು ಕಾರಿನಿಂದ ದೂರ ಇಡಿ, ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಪೆಡಲ್ ಮುಟ್ಟದೆ, ಬಾಗಿಲು ತೆರೆಯದೆ ಕಾಯಿರಿ. ಇಸಿಬಿ ಇರುವ ಮಾದರಿಗಳಿಗೆ ಎರಡು ನಿಮಿಷ ಎನ್ನುತ್ತಾರೆ, ನಿಮ್ಮ ಮ್ಯಾನ್ಯುಯಲ್ ಹೆಚ್ಚು ಹೇಳಿದರೆ ಅಷ್ಟು. ಯಾಕೆ ಕಾಯಬೇಕು ಎಂದರೆ, ಕಾರು ಆಫ್ ಆದ ಮೇಲೂ ಬ್ರೇಕ್ ಕಂಪ್ಯೂಟರ್ ಸ್ವಲ್ಪ ಹೊತ್ತು ಎಚ್ಚರವಾಗಿಯೇ ಇರುತ್ತದೆ. 12 ವೋಲ್ಟ್ ಕೈಕೊಟ್ಟರೂ ಬ್ರೇಕ್ ನಿಲ್ಲಬಾರದೆಂದು ಕೆಲವು ಮಾದರಿಗಳಲ್ಲಿ ಕೆಪಾಸಿಟರ್ ಎಂಬ ವಿದ್ಯುತ್ ಸಂಗ್ರಾಹಕವೂ ಇರುತ್ತದೆ. ಆಫ್ ಮಾಡಿದ ಕೂಡಲೇ ಬ್ಯಾಟರಿ ತಂತಿ ಕಿತ್ತರೆ ವ್ಯವಸ್ಥೆ ಸತ್ತಿತು ಎಂದು ನಂಬುವ ಹಾಗಿಲ್ಲ.

ಕಾದ ಮೇಲೆ 12 ವೋಲ್ಟ್ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಮತ್ತೆ ತಾಗದಂತೆ ಬಟ್ಟೆ ಸುತ್ತಿಡಿ. ಕೆಲವು ಮ್ಯಾನ್ಯುಯಲ್‌ಗಳು ಇದರ ಬದಲು ಪಂಪ್ ಮೋಟರಿನ ರಿಲೇಗಳನ್ನು, ಅಂದರೆ ಅದಕ್ಕೆ ವಿದ್ಯುತ್ ಹಾಯಿಸುವ ಸ್ವಿಚ್ಚುಗಳನ್ನು, ಕಿತ್ತಿಡಲು ಹೇಳುತ್ತವೆ; ಅದೂ ಸರಿ. ಕಿತ್ತಳೆ ಬಣ್ಣದ ದಪ್ಪ ಕೇಬಲುಗಳು ಕಂಡರೆ ಅವು ಹೈಬ್ರಿಡ್ ಬ್ಯಾಟರಿಯ ಅಧಿಕ ವೋಲ್ಟೇಜಿನವು. ಈ ಕೆಲಸಕ್ಕೂ ಅವಕ್ಕೂ ಸಂಬಂಧವಿಲ್ಲ, ಮುಟ್ಟಬೇಡಿ.

ಇನ್ನೊಂದು ಮಾತು. ವ್ಯವಸ್ಥೆ ಮಲಗಿದಾಗ ಅಕ್ಯುಮುಲೇಟರಿನ ಒತ್ತಡ ಇಲ್ಲವಾಗುವುದಿಲ್ಲ, ಮುಚ್ಚಿದ ವಾಲ್ವುಗಳ ಹಿಂದೆ ಹಾಗೇ ಇರುತ್ತದೆ. ಚಕ್ರದ ಬಳಿಯ ಹೋಸ್ ಬಿಚ್ಚಬಹುದು. ಬಾನೆಟ್ ಕೆಳಗಿರುವ ಬ್ರೇಕ್ ಘಟಕದ ಪೈಪುಗಳ ತಂಟೆಗೆ ಮಾತ್ರ ಹೋಗಬೇಡಿ.

ಹಂತ 3: ಚಕ್ರ ಎತ್ತಿ ತೆಗೆಯಿರಿ

ಮ್ಯಾನ್ಯುಯಲ್ ತೋರಿಸಿದ ಜಾಗದಲ್ಲೇ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಹಿಂದಿನ ಚಕ್ರದ ಕೆಲಸವಾದರೆ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಸ್ವಿಚ್ಚಿನಿಂದ ಹಾಕುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಬ್ಯಾಟರಿ ಕಳಚುವ ಮೊದಲೇ ಅದನ್ನು ಸರ್ವಿಸ್ ಮೋಡಿಗೆ ಹಾಕಬೇಕು. ಆಗ ಅದರ ಮೋಟರ್ ಪಿಸ್ಟನ್ನಿನ ಹಿಂದಿನ ತಿರುಪನ್ನು ಒಳಗೆಳೆದುಕೊಳ್ಳುತ್ತದೆ. ಹಾಗೆ ಮಾಡದೆ ಬಲವಂತವಾಗಿ ಪಿಸ್ಟನ್ ಒತ್ತಿದರೆ ಒಳಗಿನ ಗೇರು ಮುರಿಯುತ್ತದೆ.

ಹಂತ 4: ಹಳೆಯ ಕ್ಯಾಲಿಪರ್ ಬಿಚ್ಚಿ

ಮೊದಲು ಬ್ಯಾಂಜೋ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ ಮತ್ತೆ ಕೈಬಿಗಿ ಮಾಡಿ. ಕ್ಯಾಲಿಪರ್ ಜಾಗದಲ್ಲಿ ಬಿಗಿಯಾಗಿರುವಾಗ ಇದು ಸುಲಭ, ಕೈಯಲ್ಲಿ ಹಿಡಿದುಕೊಂಡು ಸಡಿಲಿಸಲು ಹೋದರೆ ಹೋಸ್ ತಿರುಚುತ್ತದೆ. ಆಮೇಲೆ ಸ್ಲೈಡ್ ಪಿನ್ನಿನ ಬೋಲ್ಟುಗಳನ್ನು ಬಿಚ್ಚಿ ಕ್ಯಾಲಿಪರ್ ಎತ್ತಿ. ಹೋಸಿನಲ್ಲಿ ನೇತಾಡಲು ಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ.

ಹೊಸ ಕ್ಯಾಲಿಪರ್ ಕೈಯಳತೆಯಲ್ಲಿ ಇಟ್ಟುಕೊಂಡ ಮೇಲೆಯೇ ಬ್ಯಾಂಜೋ ಬೋಲ್ಟ್ ಪೂರ್ತಿ ತೆಗೆಯಿರಿ. ತೆಗೆದ ಕೂಡಲೇ ಹೋಸಿನ ಬಾಯಿಗೆ ಕ್ಯಾಪ್ ಹಾಕಿ. ಆಯಿಲ್ ತೊಟ್ಟಿಕ್ಕುತ್ತಾ ಹೋದರೆ ಮೇಲಿನ ಡಬ್ಬಿ ಖಾಲಿಯಾಗಿ ಗಾಳಿ ಬ್ರೇಕ್ ಘಟಕದೊಳಗೆ ಸೇರುತ್ತದೆ. ಆಗ ಒಂದು ಚಕ್ರದ ಗಾಳಿ ತೆಗೆಯುವ ಸಣ್ಣ ಕೆಲಸ, ಪಂಪು ಮತ್ತು ಅಕ್ಯುಮುಲೇಟರ್ ಸೇರಿ ಇಡೀ ವ್ಯವಸ್ಥೆಯ ಗಾಳಿ ತೆಗೆಯುವ ದೊಡ್ಡ ಕೆಲಸವಾಗುತ್ತದೆ.

ಹಳೆಯ ಮೆಕ್ಯಾನಿಕ್ಕುಗಳಿಗೆ ಗೊತ್ತಿರುವ ಉಪಾಯವೊಂದಿದೆ: ಪೆಡಲನ್ನು ಕೋಲಿನಿಂದ ಸ್ವಲ್ಪ ಒತ್ತಿ ಹಿಡಿದು ಆಯಿಲ್ ಇಳಿಯದಂತೆ ತಡೆಯುವುದು. ಸಾಮಾನ್ಯ ಕಾರಿಗೆ ಅದು ಒಳ್ಳೆಯ ಉಪಾಯವೇ. ಇಲ್ಲಿ ಬೇಡ. ಈ ಕಾರಿನಲ್ಲಿ ಪೆಡಲ್ ಒತ್ತುವುದೆಂದರೆ ಕಂಪ್ಯೂಟರಿಗೆ "ಏಳು" ಎಂದು ಹೇಳಿದಂತೆ. ಹೋಸನ್ನು ಇಕ್ಕಳದಿಂದ ಹಿಸುಕುವುದೂ ಬೇಡ, ಒಳಪದರ ಸೀಳುತ್ತದೆ.

ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ಬಿದ್ದಲ್ಲಿ ತಕ್ಷಣ ನೀರು ಸುರಿದು ತೊಳೆಯಿರಿ.

ಹಂತ 5: ಬ್ರ್ಯಾಕೆಟ್ ಮತ್ತು ಪಿನ್ನುಗಳನ್ನು ಶುಚಿ ಮಾಡಿ

ಹೈಬ್ರಿಡ್ ಕಾರಿನಲ್ಲಿ ಈ ಹಂತ ಹೊಸ ಕ್ಯಾಲಿಪರಿನಷ್ಟೇ ಮುಖ್ಯ. ಪ್ಯಾಡಿನ ಕಿವಿಗಳು ಕೂರುವ ಸ್ಟೀಲ್ ಕ್ಲಿಪ್ಪುಗಳನ್ನು ತೆಗೆದು, ಅದರಡಿಯ ತುಕ್ಕನ್ನು ತಂತಿ ಬ್ರಶ್ಶಿನಿಂದ ಲೋಹ ಕಾಣುವವರೆಗೆ ಉಜ್ಜಿ. ಪ್ಯಾಡು ಅಲ್ಲಿ ಕೈಯಿಂದ ಸರಾಗವಾಗಿ ಜಾರಬೇಕು. ಬ್ರೇಕ್ ಧೂಳನ್ನು ಗಾಳಿಯಿಂದ ಊದಬೇಡಿ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಬ್ರೇಕ್ ಕ್ಲೀನರಿನಿಂದ ತೊಳೆದು ಒರೆಸಿ.

ಸ್ಲೈಡ್ ಪಿನ್ನುಗಳ ಹಳೆಯ ಗ್ರೀಸ್ ಪೂರ್ತಿ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಿ. ಎರಡು ಪಿನ್ನುಗಳು ಒಂದೇ ತರಹ ಕಂಡರೂ ಎಷ್ಟೋ ಸಲ ಒಂದರ ತುದಿಗೆ ರಬ್ಬರ್ ಬುಷ್ ಇರುತ್ತದೆ. ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಎಂದು ಬಿಚ್ಚುವಾಗಲೇ ಫೋಟೋ ತೆಗೆದುಕೊಳ್ಳಿ. ಮಾಮೂಲಿ ಬೇರಿಂಗ್ ಗ್ರೀಸ್ ಅಥವಾ ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ. ಡಿಸ್ಕಿಗೂ ಪ್ಯಾಡಿನ ಮುಖಕ್ಕೂ ಗ್ರೀಸಿನ ಲೇಶವೂ ತಾಗಬಾರದು.

ಹಂತ 6: ಹೊಸದನ್ನು ಕೂರಿಸಿ

ಪ್ಯಾಡುಗಳನ್ನು ಇಟ್ಟು, ಕ್ಯಾಲಿಪರ್ ಕೂರಿಸಿ, ಬೋಲ್ಟುಗಳನ್ನು ಕೈಯಿಂದ ಹತ್ತಿಸಿ ಆಮೇಲೆ ಟಾರ್ಕ್ ರೆಂಚಿನಿಂದ ಬಿಗಿ ಮಾಡಿ. ಹೊಸ ವಾಷರುಗಳಲ್ಲಿ ಒಂದು ಹೋಸಿನ ಈ ಕಡೆ, ಒಂದು ಆ ಕಡೆ ಬರಬೇಕು. ಹೋಸಿನ ತುದಿಯ ಮೂತಿಗೆ ಕ್ಯಾಲಿಪರಿನಲ್ಲಿ ಕೂರುವ ಗುಳಿ ಇದ್ದರೆ ಅದರಲ್ಲೇ ಕೂರಿಸಿ, ಹೋಸ್ ತಿರುಚಿಲ್ಲವೆಂದು ನೋಡಿ.

ಬಿಗಿಯ ಅಳತೆ ನಿಮ್ಮ ಮಾದರಿಯದ್ದೇ ಆಗಬೇಕು. ಅಂದಾಜಿಗಾಗಿ ಹೇಳುವುದಾದರೆ ಸಣ್ಣ, ಮಧ್ಯಮ ಕಾರುಗಳಲ್ಲಿ ಸ್ಲೈಡ್ ಪಿನ್ ಬೋಲ್ಟ್ 25ರಿಂದ 40 ನ್ಯೂಟನ್ ಮೀಟರ್, ಬ್ಯಾಂಜೋ ಬೋಲ್ಟ್ 30ರ ಆಸುಪಾಸು, ಬ್ರ್ಯಾಕೆಟ್ ಬೋಲ್ಟ್ 100ರ ಆಸುಪಾಸು, ಬ್ಲೀಡರ್ ನಿಪ್ಪಲ್ ಕೇವಲ 10ರ ಸುತ್ತ ಇರುತ್ತದೆ. ನಿಪ್ಪಲನ್ನು ತೋಳುಬಲದಿಂದ ಬಿಗಿದು ಮುರಿಯುವವರು ಬಹಳ.

ಹಿಂದಿನ ಕ್ಯಾಲಿಪರಿನಲ್ಲಿ ಕೇಬಲ್ ಹ್ಯಾಂಡ್‌ಬ್ರೇಕ್ ಇದ್ದರೆ ಪಿಸ್ಟನ್ನಿನ ಮುಖದಲ್ಲಿ ಗೀರುಗಳಿರುತ್ತವೆ. ಅದನ್ನು ಒತ್ತಿ ಒಳಗೆ ಕಳಿಸಲಾಗದು, ಅದಕ್ಕೆಂದೇ ಇರುವ ಸಾಧನದಿಂದ ತಿರುಗಿಸುತ್ತಾ ಕಳಿಸಬೇಕು. ಕೂರಿಸುವಾಗ ಪ್ಯಾಡಿನ ಹಿಂದಿನ ಗುಬುಟು ಆ ಗೀರಿನೊಳಗೆ ಬರಬೇಕು.

ಈಗ ಡಬ್ಬಿಗೆ ಆಯಿಲ್ ತುಂಬಿ, ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅರ್ಧ ಸುತ್ತು ಸಡಿಲಿಸಿ ಬಿಡಿ. ಬಹಳ ಕಾರುಗಳಲ್ಲಿ ಆಯಿಲ್ ತಾನಾಗಿ ಇಳಿದು ಬಂದು ಹೊಸ ಕ್ಯಾಲಿಪರಿನ ಹೊಟ್ಟೆಯ ಗಾಳಿಯನ್ನು ಬಹುಪಾಲು ಹೊರಗೆ ತಳ್ಳುತ್ತದೆ. ಹನಿ ಬಂದ ಮೇಲೆ ಮುಚ್ಚಿ. ಬರದಿದ್ದರೂ ಚಿಂತೆಯಿಲ್ಲ, ಮುಂದಿನ ಹಂತ ಅದಕ್ಕೇ ಇದೆ.

ಹಂತ 7: ಗಾಳಿ ತೆಗೆಯಿರಿ

ಎಲ್ಲ ಬೋಲ್ಟುಗಳೂ ಬಿಗಿಯಾಗಿವೆ, ಎಲ್ಲ ನಿಪ್ಪಲುಗಳೂ ಮುಚ್ಚಿವೆ, ಯಾವ ಕ್ಯಾಲಿಪರೂ ಡಿಸ್ಕಿನಿಂದ ಹೊರಗಿಲ್ಲ ಎಂದು ಸುತ್ತು ಹಾಕಿ ನೋಡಿದ ನಂತರವೇ 12 ವೋಲ್ಟ್ ಬ್ಯಾಟರಿ ಜೋಡಿಸಿ. ಜೋಡಿಸಿದೊಡನೆ ಪಂಪು ಓಡಿದರೆ ಗಾಬರಿಯಾಗಬೇಡಿ. ಬ್ಯಾಟರಿಗೆ ಚಾರ್ಜರ್ ಆಸರೆ ಕೊಡಿ. ಗಾಳಿ ತೆಗೆಯುವಾಗ ಕಾರು "ರೆಡಿ" ಸ್ಥಿತಿಯಲ್ಲಿರುವುದಿಲ್ಲ, ಹಾಗಾಗಿ ಹೈಬ್ರಿಡ್ ಬ್ಯಾಟರಿಯಿಂದ 12 ವೋಲ್ಟಿಗೆ ಚಾರ್ಜ್ ಬರುವುದಿಲ್ಲ. ಪಂಪು ಮಾತ್ರ ಅದನ್ನು ಹೀರುತ್ತಲೇ ಇರುತ್ತದೆ. ಮಧ್ಯದಲ್ಲಿ ವೋಲ್ಟೇಜ್ ಕುಸಿದರೆ ಸ್ಕ್ಯಾನರಿನ ಕ್ರಮ ಅರ್ಧಕ್ಕೆ ನಿಲ್ಲುತ್ತದೆ, ಹೊಸ ದೋಷ ಕೋಡುಗಳು ಹುಟ್ಟುತ್ತವೆ.

ಪೆಡಲ್ ಒತ್ತದೆ ಪವರ್ ಬಟನ್ ಎರಡು ಸಲ ಒತ್ತಿದರೆ ಸಾಮಾನ್ಯವಾಗಿ ಇಗ್ನಿಷನ್ ಆನ್ ಆಗುತ್ತದೆ, ಆದರೆ ಕಾರು ಓಡಲು ಸಿದ್ಧವಾಗುವುದಿಲ್ಲ. ಇದೇ ನಮಗೆ ಬೇಕಾದ ಸ್ಥಿತಿ. ರೆಡಿ ದೀಪ ಉರಿದರೆ ಎಂಜಿನ್ ತಾನಾಗಿ ಶುರುವಾಗಬಹುದು, ತಕ್ಷಣ ಆಫ್ ಮಾಡಿ.

ಸ್ಕ್ಯಾನರಿನಲ್ಲಿ ಬ್ರೇಕ್ ಘಟಕ ತೆರೆದು ಏರ್ ಬ್ಲೀಡಿಂಗ್ ಆರಿಸಿ. ಕ್ಯಾಲಿಪರ್ ಬದಲಾವಣೆಗೆ ಸಾಮಾನ್ಯ ಬ್ಲೀಡಿಂಗ್ ಸಾಕು. ಬ್ರೇಕ್ ಘಟಕವನ್ನೇ ಬದಲಿಸಿದವರಿಗಿರುವ ಉದ್ದನೆಯ ಕ್ರಮ ಬೇರೆ. ಯಾವ ಚಕ್ರ ಮೊದಲು ಎಂಬುದನ್ನು ಪರದೆ ಹೇಳುತ್ತದೆ. "ದೂರದ ಚಕ್ರದಿಂದ ಶುರು" ಎಂಬ ಹಳೆಯ ನಿಯಮವನ್ನು ಇಲ್ಲಿ ಹೇರಬೇಡಿ.

ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ, ಒಬ್ಬರು ಚಕ್ರದ ಬಳಿ. ಎರಡನೇ ತಲೆಮಾರಿನ ಪ್ರಿಯಸ್‌ನಂಥ ಕಾರುಗಳಲ್ಲಿ ಮುಂದಿನ ಚಕ್ರಗಳದ್ದು ಪರಿಚಿತ ಕ್ರಮವೇ: ಪೆಡಲ್ ಒತ್ತಿ ಹಿಡಿದಾಗ ನಿಪ್ಪಲ್ ತೆರೆಯುವುದು, ಮುಚ್ಚಿದ ಮೇಲೆಯೇ ಪೆಡಲ್ ಬಿಡುವುದು, ಗುಳ್ಳೆ ನಿಲ್ಲುವವರೆಗೆ ಹೀಗೆ. ಹಿಂದಿನ ಚಕ್ರಗಳದ್ದು ಬೇರೆ. ಪೆಡಲ್ ಒತ್ತಿ ಹಿಡಿದರೆ ಪಂಪು ತಾನೇ ಆಯಿಲ್ ತಳ್ಳುತ್ತದೆ, ನಿಪ್ಪಲ್ ತೆರೆದೊಡನೆ ಸತತ ಧಾರೆಯಾಗಿ ರಭಸದಿಂದ ಬರುತ್ತದೆ. ಪೈಪ್ ಕಿತ್ತು ಹಾರದಂತೆ ಹಿಡಿದುಕೊಳ್ಳಿ, ಕನ್ನಡಕ ತೆಗೆಯಬೇಡಿ. ಪಂಪನ್ನು ಬಿಡುವಿಲ್ಲದೆ ಓಡಿಸಬೇಡಿ, ನಡುವೆ ಆರಲು ಬಿಡಿ. ಈ ರಭಸಕ್ಕೆ ಡಬ್ಬಿ ನೋಡನೋಡುತ್ತಿದ್ದಂತೆ ಖಾಲಿಯಾಗುತ್ತದೆ. ಮೂರನೆಯವರೊಬ್ಬರು ಡಬ್ಬಿಯ ಬಳಿ ನಿಂತು ತುಂಬಿಸುತ್ತಿದ್ದರೆ ಬಹಳ ಒಳ್ಳೆಯದು.

ಸ್ಕ್ಯಾನರ್ ಇಲ್ಲದೆ ಸುಮ್ಮನೆ ಪೆಡಲ್ ಒತ್ತಿ ಒತ್ತಿ ಬಿಟ್ಟರೆ ಆಗದೇ ಎಂದು ಕೇಳುತ್ತೀರಿ. ಕೆಲವು ಮಾದರಿಗಳ ಮುಂದಿನ ಚಕ್ರಗಳಲ್ಲಿ ಬ್ಯಾಟರಿ ಕಳಚಿದ ಸ್ಥಿತಿಯಲ್ಲಿ ಆಗುತ್ತದೆ, ಹಿಂದಿನವಕ್ಕೆ ಆಗುವುದಿಲ್ಲ. ವ್ಯವಸ್ಥೆ ಎಚ್ಚರವಿರುವಾಗ ಹಾಗೆ ಮಾಡಿದರೆ ಒತ್ತಡ ಎಲ್ಲೋ ಸೋರುತ್ತಿದೆ ಎಂದು ಕಂಪ್ಯೂಟರ್ ತಿಳಿದು ದೋಷ ದಾಖಲಿಸುತ್ತದೆ, ಕೆಲವು ಸಲ ಬ್ರೇಕ್ ಸಹಾಯವನ್ನೇ ನಿಲ್ಲಿಸುತ್ತದೆ. ಹಣ ಉಳಿಸುವ ಜಾಗ ಇದಲ್ಲ. ಸ್ಕ್ಯಾನರ್ ಸಿಗದಿದ್ದರೆ ಕ್ಯಾಲಿಪರ್ ಕೆಲಸವನ್ನೂ ಸೇರಿಸಿ ಬಲ್ಲವರಿಗೆ ಕೊಡಿ.

ಡಬ್ಬಿಯ ಮಟ್ಟದ ಬಗ್ಗೆ: ಅಕ್ಯುಮುಲೇಟರಿಗೆ ಒತ್ತಡ ತುಂಬಿದಾಗ ಮಟ್ಟ ಇಳಿಯುತ್ತದೆ, ಒತ್ತಡ ಬಿಟ್ಟಾಗ ಏರುತ್ತದೆ. ಯಾವ ಸ್ಥಿತಿಯಲ್ಲಿ ಅಳೆಯಬೇಕು ಎಂದು ಮ್ಯಾನ್ಯುಯಲ್ ಹೇಳಿದೆಯೋ ಆಗಲೇ ಗರಿಷ್ಠ ಗೆರೆ ನೋಡಿ ತುಂಬಿ.

ಹಂತ 8: ಹೊರಡುವ ಮೊದಲು

ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿಯುವಂತೆ ಜೊತೆಯವರಿಗೆ ಹೇಳಿ, ಬ್ಯಾಂಜೋ ಬೋಲ್ಟ್ ಮತ್ತು ನಿಪ್ಪಲಿನ ಸುತ್ತ ಟಾರ್ಚ್ ಬಿಟ್ಟು ನೋಡಿ. ತೇವದ ಸುಳಿವಿದ್ದರೂ ಮತ್ತೆ ಬಿಚ್ಚಿ ವಾಷರ್ ಪರೀಕ್ಷಿಸಿ. ನಿಪ್ಪಲಿನ ರಬ್ಬರ್ ಟೋಪಿ ಹಾಕಿ.

ಸ್ಕ್ಯಾನರಿನಲ್ಲಿ ಕೋಡುಗಳನ್ನು ಓದಿ, ಅಳಿಸಿ, ಮತ್ತೆ ಓದಿ. ಮತ್ತೆ ಬಂದ ಕೋಡ್ ನಿಜವಾದ ದೋಷ, ಅದನ್ನು ಅಳಿಸುತ್ತಾ ಕೂರಬೇಡಿ. ಕೆಲವು ಮಾದರಿಗಳಿಗೆ ಬ್ಯಾಟರಿ ಕಳಚಿದ ನಂತರ ಬ್ರೇಕ್ ಸೆನ್ಸರಿನ ಶೂನ್ಯ ಬಿಂದು ಕಲಿಸಬೇಕಾಗುತ್ತದೆ. ಅದೂ ಸ್ಕ್ಯಾನರಿನ ಮೆನುವಿನಲ್ಲೇ ಇರುತ್ತದೆ.

ಇಲ್ಲಿ ಪೆಡಲಿನ ಗಟ್ಟಿತನ ಪೂರ್ತಿ ನಂಬುವ ಸಾಕ್ಷಿಯಲ್ಲ. ಮೇಲೆ ಹೇಳಿದ ಸಿಮ್ಯುಲೇಟರ್ ಕಾಲಿಗೆ ಕೊಡುವ ಅನುಭವ ಸರಿಯಾಗಿದ್ದೂ ಪೈಪಿನಲ್ಲಿ ಗಾಳಿ ಇರಬಹುದು. ಆದ್ದರಿಂದ ಸ್ಕ್ಯಾನರಿನಲ್ಲಿ ಪ್ರತಿ ಚಕ್ರದ ಒತ್ತಡದ ಅಂಕಿ ತೋರಿಸುವಂತಿದ್ದರೆ, ಪೆಡಲ್ ಒತ್ತಿ ಎಡ ಬಲ ಹೋಲಿಸಿ. ಚಕ್ರ ಹಾಕಿ, ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಬಿಗಿ ಮಾಡಿ.

ಹಂತ 9: ಪ್ಯಾಡುಗಳನ್ನು ಪಳಗಿಸಿ

ಮೊದಲು ಯಾರೂ ಇಲ್ಲದ ಜಾಗದಲ್ಲಿ ನಡಿಗೆಯ ವೇಗದಲ್ಲಿ ಚಲಿಸಿ ಬ್ರೇಕ್ ಹಿಡಿಯುವುದನ್ನು ಖಚಿತಪಡಿಸಿಕೊಳ್ಳಿ. ಹೊಸ ಪ್ಯಾಡ್ ಹಾಕಿದ್ದರೆ ಅದರ ಮುಖ ಡಿಸ್ಕಿಗೆ ಹೊಂದಿಕೊಳ್ಳಬೇಕು. ಹೈಬ್ರಿಡ್‌ನಲ್ಲಿ ಮೆಲ್ಲಗೆ ಬ್ರೇಕ್ ಹಾಕುತ್ತಾ ನೂರಾರು ಕಿಲೋಮೀಟರ್ ಓಡಿಸಿದರೂ ಇದು ಆಗದಿರಬಹುದು, ಕೆಲಸವನ್ನೆಲ್ಲ ರೀಜೆನ್ ಮಾಡಿಬಿಡುತ್ತದಲ್ಲ! ಹೆಚ್ಚಿನ ಪೂರ್ಣ ಹೈಬ್ರಿಡ್‌ಗಳಲ್ಲಿ ನ್ಯೂಟ್ರಲಿಗೆ ಹಾಕಿದರೆ ರೀಜೆನ್ ನಿಲ್ಲುತ್ತದೆ, ಬ್ರೇಕೆಲ್ಲ ಪ್ಯಾಡಿನದೇ ಆಗುತ್ತದೆ. ಖಾಲಿ, ನೇರ, ಸಮತಟ್ಟಾದ ರಸ್ತೆಯಲ್ಲಿ ಮಧ್ಯಮ ವೇಗದಿಂದ ಹೀಗೆ ಹಲವು ಸಲ ನಿಧಾನಗೊಳಿಸಿ, ನಡುನಡುವೆ ತಣಿಯಲು ಸಮಯ ಕೊಡಿ. ಇಳಿಜಾರಿನಲ್ಲಿ, ಸಂಚಾರವಿರುವಲ್ಲಿ ನ್ಯೂಟ್ರಲ್ ಬೇಡವೇ ಬೇಡ. ಡಿಸ್ಕಿನ ಮೇಲೆ ಕೂತ ತುಕ್ಕು ಕಳೆಯಲೂ ಇದೇ ದಾರಿ. ಆಗಾಗ ಹೀಗೆ ಮಾಡುತ್ತಿದ್ದರೆ ಹೊಸ ಕ್ಯಾಲಿಪರ್ ಮತ್ತೆ ಜಾಮ್ ಆಗುವುದು ತಡವಾಗುತ್ತದೆ. ವರ್ಷಕ್ಕೊಮ್ಮೆ ಸ್ಲೈಡ್ ಪಿನ್ ಬಿಚ್ಚಿ ಗ್ರೀಸ್ ಹಚ್ಚಿಸಿ, ಪ್ಯಾಡ್ ಎಷ್ಟೇ ದಪ್ಪ ಉಳಿದಿದ್ದರೂ.

ಓಡಿಸಿ ಬಂದ ಮೇಲೆ ಎಡ ಮತ್ತು ಬಲ ಚಕ್ರದ ಬಳಿ ಕೈ ಹಿಡಿದು ಶಾಖ ಹೋಲಿಸಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಮರುದಿನ ಚಕ್ರದ ಒಳಬದಿ ಮತ್ತು ನೆಲದಲ್ಲಿ ಆಯಿಲ್ ಗುರುತು ಇದೆಯೇ ನೋಡಿ, ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿ, ಡಬ್ಬಿಯ ಮಟ್ಟ ನೋಡಿ. ಹೊರತೆಗೆದ ಹಳೆಯ ಆಯಿಲನ್ನು ಚರಂಡಿಗೂ ಮಣ್ಣಿಗೂ ಸುರಿಯದೆ, ಮುಚ್ಚಳವಿರುವ ಬಾಟಲಿಯಲ್ಲಿ ಹೆಸರು ಬರೆದು, ವಾಹನದ ಹಳೆಯ ದ್ರವಗಳನ್ನು ತೆಗೆದುಕೊಳ್ಳುವ ಕಡೆ ಕೊಡಿ.